ಮುಂದಿನ ಪರದೆಯ ಮನುಷ್ಯ: ತಿಪಟೂರಿನ ನರಸಿಂಹರಾಜು

ಹಿರೇಹಳ್ಳಿ ಸ್ಟೇಷನ್ನಿನಲ್ಲಿ ಅರಸೀಕೆರೆ ಕಡೆಯ ಪ್ಯಾಸೆಂಜರ್ ಹತ್ತಿ ಕೂತರೆ ಕ್ಯಾತ್ಸಂದ್ರ, ತುಮಕೂರು, ಗುಬ್ಬಿ, ನಿಟ್ಟೂರು, ತಿಪಟೂರು ದಾಟಿ ಅರಸೀಕೆರೆ ಬರುತ್ತೆ. ನಮ್ಮಲ್ಲಿ ಎಷ್ಟೋ ಜನ ಪ್ರತೀ ಶನಿವಾರ ಊರಿಗೆ ಹೋಗೋ ದಾರಿ ಇದು. ಈ ಲೈನಿಗೆ ನಾವು ಇಟ್ಟಿರುವ ಹೆಸರು ಕನ್ನಡದ ನಗುವಿನ ಲೈನು. ಯಾಕೆ ಅಂದ್ರೆ, ಗುಬ್ಬಿಯಲ್ಲಿ ಗುಬ್ಬಿ ವೀರಣ್ಣ, ತಿಪಟೂರಿನಲ್ಲಿ ನರಸಿಂಹರಾಜು, ಅರಸೀಕೆರೆಯಲ್ಲಿ ಬಾಲಕೃಷ್ಣ. ಕನ್ನಡದ ಜನರನ್ನು ದಶಕಗಳ ಕಾಲ ನಗಿಸಿದ ಮೂರು ಜನ ಒಂದೇ ಹಳಿಯ ಮೇಲೆ, ಒಂದು ಟಿಕೆಟ್ಟಿನ ಅಂತರದಲ್ಲಿ ಹುಟ್ಟಿದ್ದಾರೆ. ಈ ಸಲ ನಾವು ಇಳಿಯೋದು ತಿಪಟೂರಿನಲ್ಲಿ.

ನರಸಿಂಹರಾಜು ಅಂದ ತಕ್ಷಣ ಕಣ್ಣಿಗೆ ಬರೋದು ಏನು? ಸಣಕಲು ಮೈ, ಗಿಡ್ಡ ಆಳು, ತುಟಿ ಮುಚ್ಚಿದರೂ ಒಳಗೆ ನಿಲ್ಲದ ಹಲ್ಲು. ನಮ್ಮ ಅಜ್ಜಿ ತಾತಂದಿರು ಟಾಕೀಸಿನಲ್ಲಿ ನೋಡಿದ್ದು, ಅಪ್ಪ ಅಮ್ಮ ಭಾನುವಾರದ ದೂರದರ್ಶನದಲ್ಲಿ ನೋಡಿದ್ದು, ನಾವು ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ತುಣುಕಾಗಿ ನೋಡೋದು ಎಲ್ಲಾ ಇದೇ ಮುಖವನ್ನ. ಹಾಸ್ಯ ಚಕ್ರವರ್ತಿ ಅನ್ನೋ ಬಿರುದು ಹೆಸರಿನ ಹಿಂದೆ ಅಂಟಿಕೊಂಡೇ ಬರುತ್ತೆ. ಸುಮಾರು ಇಪ್ಪತ್ತೈದು ವರ್ಷದಲ್ಲಿ 250ಕ್ಕೂ ಹೆಚ್ಚು ಚಿತ್ರ. ಅದರಲ್ಲಿ ಅವರು ನಾಯಕರಾಗಿದ್ದನ್ನ ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಉಳಿದದ್ದೆಲ್ಲ ಪಕ್ಕದಲ್ಲಿ ನಿಂತ ಪಾತ್ರಗಳು: ಗೆಳೆಯ, ಆಳು, ಶಿಷ್ಯ, ಪೂಜಾರಿಯ ಮಗ, ಪತ್ತೇದಾರನ ಜೊತೆಗಾರ.

ಹಳೇ ಹಾಲಿವುಡ್ ಚಿತ್ರಗಳಲ್ಲೂ ಇಂಥ ಒಂದು ಜಾತಿಯ ನಟರಿದ್ದರು. ಇಂಗ್ಲೆಂಡಿನ ನಾಟಕ ಮಂದಿರಗಳಲ್ಲಿ ಪಳಗಿ ಬಂದವರು. ಬಟ್ಲರ್, ಡಾಕ್ಟರು, ನಿವೃತ್ತ ಕರ್ನಲ್ ಅಂತ ಚಿತ್ರದಿಂದ ಚಿತ್ರಕ್ಕೆ ಕಾಣಿಸಿಕೊಳ್ಳುತ್ತಿದ್ದವರು. ನೋಡುವವರಿಗೆ ಮುಖ ಗೊತ್ತು, ಹೆಸರು ಗೊತ್ತಿಲ್ಲ. ನರಸಿಂಹರಾಜು ಅವರದ್ದು ಅದೇ ಕಸುಬು, ಆದರೆ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ಹೆಸರು ಗೊತ್ತಿದ್ದರೂ ಅವರು ಮಾಡಿದ ಕೆಲಸ ಏನು ಅಂತ ನಾವು ಅಷ್ಟಾಗಿ ಯೋಚನೆ ಮಾಡಿಲ್ಲ. ಹಲ್ಲು ನೋಡಿ ನಕ್ಕು ಮುಂದಕ್ಕೆ ಹೋಗಿದ್ದೀವಿ.

ಅವರು ಹುಟ್ಟಿದ್ದು 1923ರ ಜುಲೈ 24ರಂದು, ತಿಪಟೂರಿನಲ್ಲಿ. ಪೂರ್ತಿ ಹೆಸರು ತಿಪಟೂರು ರಾಮರಾಜು ನರಸಿಂಹರಾಜು. ನಾಲ್ಕು ವರ್ಷದ ಹುಡುಗನನ್ನ ಚಿಕ್ಕಪ್ಪ ಕರೆದುಕೊಂಡು ಹೋಗಿ ಸಿ. ಬಿ. ಮಲ್ಲಪ್ಪನವರ ನಾಟಕ ಕಂಪನಿಗೆ ಸೇರಿಸಿದರು. ನಾವು ಎಲ್‌ಕೆಜಿಯಲ್ಲಿ ಅಳ್ತಾ ಕೂತಿದ್ದ ವಯಸ್ಸು ಅದು. ಪ್ರಹ್ಲಾದ, ಕೃಷ್ಣ, ಲೋಹಿತಾಶ್ವ, ಹೀಗೆ ಪುರಾಣದಲ್ಲಿ ಎಲ್ಲೆಲ್ಲಿ ಮಗು ಬರುತ್ತೋ ಅಲ್ಲೆಲ್ಲಾ ಇವರು. ಲೋಹಿತಾಶ್ವ ಅನ್ನೋದನ್ನ ನೆನಪಿಟ್ಟುಕೊಂಡಿರಿ, ಆ ಕಥೆಗೆ ಇವರು ಇನ್ನೊಂದು ಸಲ ಬರ್ತಾರೆ.

ಕಂಪನಿ ನಾಟಕ ಅಂದರೆ ಏನು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನರಸಿಂಹರಾಜು ಅರ್ಥ ಆಗಲ್ಲ. ನಮ್ಮ ಕಾಲೇಜು ಫೆಸ್ಟಿನಲ್ಲಿ ಆಡೋ ಸ್ಕಿಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಊರಿಗೆ ಹೋಗಿ ತಗಡಿನ ಥಿಯೇಟರ್ ಕಟ್ಟಿ, ತಿಂಗಳುಗಟ್ಟಲೆ ಕ್ಯಾಂಪ್ ಹಾಕಿ, ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೂ ಆಟ. ನಟರು, ಹಾರ್ಮೋನಿಯಂನವರು, ಪರದೆ ಬರೆಯೋರು, ಬಡಗಿಗಳು, ಅಡುಗೆಯವರು ಎಲ್ಲರೂ ಒಂದೇ ಬಿಡಾರದಲ್ಲಿ. ಕಲೆಕ್ಷನ್ ಆದರೆ ಊಟ, ಆಗದಿದ್ದರೆ ಮುಂದಿನ ಊರು. ಹುಡುಗರು ಬಣ್ಣ ಅರೆಯೋದರಿಂದ ಹಿಡಿದು ಪರದೆ ಹಗ್ಗ ಎಳೆಯೋ ತನಕ ಎಲ್ಲಾ ಮಾಡುತ್ತಲೇ ಪಾಠ ಕಲೀಬೇಕು. ಮೈಕು ಬರುವ ಮೊದಲಿನ ದಿನಗಳು. ಹಿಂದೆ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕು.

ಇದರಲ್ಲಿ ಹಾಸ್ಯಗಾರನ ಕೆಲಸ ಬಹಳ ವಿಚಿತ್ರವಾದದ್ದು. ಕಂಪನಿ ನಾಟಕಗಳ ಹೆಗ್ಗಳಿಕೆ ಅಂದರೆ ಸೀನರಿ. ಒಂದು ದೃಶ್ಯದಲ್ಲಿ ಅರಮನೆ, ಮುಂದಿನದರಲ್ಲಿ ಕಾಡು, ಆಮೇಲೆ ಸ್ಮಶಾನ. ಗುಬ್ಬಿ ಕಂಪನಿಯವರಂತೂ 1934ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಅರಮನೆ ಕಳಚಿ ಕಾಡು ನಿಲ್ಲಿಸೋಕೆ ಟೈಮ್ ಬೇಕಲ್ವಾ? ಆ ಹೊತ್ತಿನಲ್ಲಿ ಜನ ಎದ್ದು ಬೀಡಿ ಸೇದೋಕೆ ಹೋಗಬಾರದು. ಅದಕ್ಕೆ ಒಂದು ಉಪಾಯ: ಮುಂದುಗಡೆ ಬೀದಿಯ ಚಿತ್ರ ಇರೋ ಒಂದು ಪರದೆ ಇಳಿಬಿಡೋದು, ಅದರ ಮುಂದೆ ಸಿಕ್ಕ ನಾಲ್ಕು ಅಡಿ ಜಾಗದಲ್ಲಿ ಹಾಸ್ಯದ ಸೀನು ನಡೆಸೋದು. ಪರದೆ ಹಿಂದೆ ಸುತ್ತಿಗೆ ಸದ್ದು, ಮುಂದೆ ನಗು. ಸೆಟ್ಟು ಬೇಗ ನಿಂತರೆ ಎರಡೇ ಮಾತಲ್ಲಿ ಮುಗಿಸಿ ಹೊರಡಬೇಕು. ಕಂಬ ಅಲುಗಾಡುತ್ತಿದ್ದರೆ ಹಿಂದಿನಿಂದ ಸನ್ನೆ ಬರೋ ತನಕ ಎಳೀಬೇಕು. ಎಳೀತಾ ಇದ್ದೀನಿ ಅಂತ ಒಬ್ಬ ಪ್ರೇಕ್ಷಕನಿಗೂ ಗೊತ್ತಾಗಬಾರದು.

ಕಂಪ್ಯೂಟರ್ ಸೈನ್ಸಿನವರಿಗೆ ಇದು ಕೂಡಲೇ ಹೊಳೆಯುತ್ತೆ. ಹಿಂದೆ ಡೇಟಾ ಲೋಡ್ ಆಗೋವರೆಗೆ ಬಳಕೆದಾರನಿಗೆ ಬೇಸರ ಆಗದ ಹಾಗೆ ಸ್ಕ್ರೀನಿನ ಮೇಲೆ ಏನಾದರೂ ಓಡಿಸುತ್ತಾರಲ್ಲ, ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಲೋಡಿಂಗ್ ಚಕ್ರವೇ ಜನ ದುಡ್ಡು ಕೊಟ್ಟು ನೋಡೋಕೆ ಬರುತ್ತಿದ್ದ ಭಾಗ.

ಇನ್ನೊಂದು ಸಂಗತಿ ನಮ್ಮ ಕಾಲದವರಿಗೆ ಗೊತ್ತಿರಲ್ಲ. ಕಂಪನಿ ನಾಟಕದಲ್ಲಿ ಹಾಸ್ಯಗಾರ ಎರಡನೇ ದರ್ಜೆಯ ಮನುಷ್ಯ ಅಲ್ಲ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ (ಗುಬ್ಬಿಯ ದೇವರ ಹೆಸರು, ಈಗ ಅದೇ ಹೆಸರಿನ ಇಂಜಿನಿಯರಿಂಗ್ ಕಾಲೇಜೂ ಅಲ್ಲಿದೆ, ನಮ್ಮ ಎಷ್ಟೋ ಸ್ನೇಹಿತರು ಅಲ್ಲೇ ಓದ್ತಿರೋದು). ಅದನ್ನ ದೇಶಕ್ಕೆಲ್ಲ ಗೊತ್ತಾಗೋ ಹಾಗೆ ಬೆಳೆಸಿದ ಮಾಲೀಕ ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯನಟ. ಸದಾರಮೆ ನಾಟಕದಲ್ಲಿ ಜನ ಮುಗಿಬಿದ್ದು ನೋಡುತ್ತಿದ್ದದ್ದು ರಾಜಕುಮಾರನನ್ನಲ್ಲ, ವೀರಣ್ಣನವರ ಕಳ್ಳನ ಪಾತ್ರವನ್ನ. ಇನ್ನೊಂದು ಕಡೆ ಕೆ. ಹಿರಣ್ಣಯ್ಯನವರದ್ದೂ ಅಷ್ಟೇ: ಕಂಪನಿ ಅವರದ್ದು, ನಗಿಸುವವರೂ ಅವರೇ. ನಗಿಸುವವನೇ ಯಜಮಾನ ಆಗಿದ್ದ ಒಂದು ಲೋಕದಿಂದ ನರಸಿಂಹರಾಜು ಬಂದವರು. ಮುಂದೆ ಅವರು ಕಾಲಿಟ್ಟದ್ದು ನಾಯಕನೇ ಯಜಮಾನ ಆಗಿದ್ದ ಇನ್ನೊಂದು ಲೋಕಕ್ಕೆ. ಅವರ ಬದುಕಿನ ಜಗ್ಗಾಟವೆಲ್ಲ ಇಲ್ಲೇ ಇದೆ ಅಂತ ನಮಗೆ ಅನ್ನಿಸುತ್ತೆ.

ವಯಸ್ಸಿಗೆ ಬರುತ್ತಾ ಬಾಲಪಾತ್ರಗಳು ಕೈಬಿಟ್ಟವು. ಧ್ವನಿ ಒಡೆದ ಹುಡುಗನಿಗೆ ಕಂಪನಿಯಲ್ಲಿ ಅದು ಕಷ್ಟದ ಕಾಲ. ಪ್ರಹ್ಲಾದ ಆಗೋಕೆ ದೊಡ್ಡವನು, ಹಿರಣ್ಯಕಶಿಪು ಆಗೋಕೆ ಮೈಯಿಲ್ಲ. ಸ್ವಂತ ಕಂಪನಿ ಕಟ್ಟಿ ನೋಡಿದರು, ಕೈ ಸುಟ್ಟುಕೊಂಡರು. ಹಿರಣ್ಣಯ್ಯನವರ ಮಿತ್ರಮಂಡಳಿಯಲ್ಲೂ ಇದ್ದರು. ಕೊನೆಗೆ ಸೇರಿದ್ದು ಗುಬ್ಬಿ ಕಂಪನಿ. ತಿಪಟೂರಿನಿಂದ ಹೊರಟವರು ಊರೂರು ತಿರುಗಿ ಪಕ್ಕದ ತಾಲೂಕಿಗೇ ಬಂದ ಹಾಗಾಯ್ತು. ಅಲ್ಲಿ ಅವರಿಗೆ ಸಿಕ್ಕ ಜೊತೆಗಾರರಲ್ಲಿ ಒಬ್ಬ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಇನ್ನೊಬ್ಬರು ಜಿ. ವಿ. ಅಯ್ಯರ್.

1954ರಲ್ಲಿ ಗುಬ್ಬಿ ಕಂಪನಿಯವರು ಮದ್ರಾಸಿನ ಎವಿಎಂ ಜೊತೆ ಸೇರಿ ಬೇಡರ ಕಣ್ಣಪ್ಪ ಚಿತ್ರ ಮಾಡಿದರು. ನಿರ್ದೇಶನ ಎಚ್. ಎಲ್. ಎನ್. ಸಿಂಹ. ಮುತ್ತುರಾಜ ರಾಜ್‌ಕುಮಾರ್ ಆಗಿದ್ದು ಈ ಚಿತ್ರದಿಂದ ಅನ್ನೋದು ಎಲ್ಲರಿಗೂ ಗೊತ್ತು, ಕ್ವಿಜ್ಜಿನಲ್ಲಿ ಮೊದಲ ರೌಂಡಿನ ಪ್ರಶ್ನೆ. ಅದೇ ಚಿತ್ರದಿಂದಲೇ ನರಸಿಂಹರಾಜು ಅವರೂ ಬೆಳ್ಳಿತೆರೆಗೆ ಬಂದರು ಅನ್ನೋದು ಎರಡನೇ ರೌಂಡಿಗೂ ಬರಲ್ಲ. ಅಯ್ಯರ್ ಪೂಜಾರಿ ಕೈಲಾಸನಾಥ ಶಾಸ್ತ್ರಿ, ನರಸಿಂಹರಾಜು ಅವನ ಮಗ ಕಾಶಿ. ಇಬ್ಬರೂ ಹೊಸಬರು, ಒಂದೇ ಕಂಪನಿ, ಒಂದೇ ವರ್ಷ, ಒಂದೇ ಚಿತ್ರ. ಒಬ್ಬರು ನಾಯಕನ ಸಾಲಿಗೆ ಹೋದರು, ಇನ್ನೊಬ್ಬರು ಪಕ್ಕದ ಸಾಲಿಗೆ. ರೂಪ, ಎತ್ತರ, ಕಂಠ ನೋಡಿ ಸಿನಿಮಾ ಮಾಡಿಕೊಂಡ ವಿಂಗಡಣೆ ಅದು. ನಾವು ಬ್ರಾಂಚ್ ಆಯ್ಕೆ ಮಾಡೋವಾಗ ರ‍್ಯಾಂಕ್ ನೋಡ್ತಾರಲ್ಲ, ಹಾಗೆ.

ಕ್ಯಾಮೆರಾ ಮುಂದೆ ಕಂಪನಿ ನಟರು ಬಹಳ ಜನ ಸೋತರು. ಕಾರಣ ಸರಳ: ಹಿಂದಿನ ಸಾಲಿಗೆ ಮುಟ್ಟಿಸೋ ಅಭ್ಯಾಸ. ಕ್ಲೋಸಪ್ಪಿನಲ್ಲಿ ಅದು ಕೂಗಾಟವಾಗಿ ಕಾಣುತ್ತೆ. ನರಸಿಂಹರಾಜು ಏನು ಮಾಡಿದರು ಅನ್ನೋದನ್ನ ಅವರ ಹಳೇ ಚಿತ್ರಗಳನ್ನ ಮ್ಯೂಟ್ ಮಾಡಿ ನೋಡಿದರೆ ತಿಳಿಯುತ್ತೆ (ನಾವು ಮಾಡಿ ನೋಡಿದ್ದೀವಿ). ಮಾತು ಅವರದ್ದಿದ್ದಾಗ ಕೈಕಾಲು ಜೋರು, ಅದು ಕಂಪನಿಯದ್ದೇ. ಆದರೆ ಮಾತು ಎದುರಿನವರದ್ದಾಗ ಗಮನಿಸಿ. ಕೇಳಿಸಿಕೊಳ್ತಾರೆ. ಸುದ್ದಿ ಕಿವಿಗೆ ಬಿದ್ದು, ತಲೆಗೆ ಹೋಗಿ, ಹೊಟ್ಟೆಗಿಳಿದು, ಆಮೇಲೆ ಮುಖಕ್ಕೆ ಬರೋದು ಒಂದೊಂದಾಗಿ ಕಾಣುತ್ತೆ. ನಗು ಬರೋದು ಅವರ ಡೈಲಾಗಿಗಲ್ಲ, ಡೈಲಾಗಿಗೆ ಮುಂಚಿನ ಆ ಅರ್ಧ ಸೆಕೆಂಡಿಗೆ. ಸೆಟ್ಟು ನಿಲ್ಲೋ ತನಕ ಕಾಲವನ್ನ ಎಳೆದು ಕುಗ್ಗಿಸಿ ಅಭ್ಯಾಸ ಆದವರಿಗೆ ಮಾತ್ರ ಬರೋ ಲೆಕ್ಕ ಅದು.

ಭಾಷೆಯ ವಿಷಯಾನೂ ಹೇಳಲೇಬೇಕು, ಕನ್ನಡ ಸಂಘದವರು ಅಂದಮೇಲೆ. ಆ ಕಾಲದ ಪೌರಾಣಿಕ, ಐತಿಹಾಸಿಕ ಚಿತ್ರಗಳಲ್ಲಿ ರಾಜ, ರಾಣಿ, ಋಷಿ ಎಲ್ಲರೂ ಗ್ರಾಂಥಿಕ ಕನ್ನಡದಲ್ಲಿ ಮಾತಾಡುತ್ತಾರೆ. ಉದ್ದ ವಾಕ್ಯ, ಸಂಸ್ಕೃತದ ಭಾರ. ಅದರ ಗಾಂಭೀರ್ಯ ನಮಗೂ ಇಷ್ಟ, ರಾಜ್‌ಕುಮಾರ್ ಬಾಯಲ್ಲಂತೂ ಕೇಳೋಕೆ ಚೆಂದ. ಆದರೆ ಮುಂದಿನ ಬೆಂಚಿನಲ್ಲಿ ಕೂತ ರೈತ, ಮಿಲ್ಲಿನ ಕೆಲಸದವನು, ಸಂತೆಗೆ ಬಂದ ಹೆಂಗಸು ಮನೇಲಿ ಮಾತಾಡೋ ಕನ್ನಡ ತೆರೆಯ ಮೇಲೆ ಯಾರ ಬಾಯಲ್ಲಿ ಬರುತ್ತಿತ್ತು? ಹಾಸ್ಯಗಾರನ ಬಾಯಲ್ಲಿ. ಅರಮನೆಯೊಳಗೆ ಸಭಿಕರ ಪರವಾಗಿ ನುಗ್ಗಿದ ಒಬ್ಬನೇ ಮನುಷ್ಯ ಅವನು. ದೊಡ್ಡವರು ಧರ್ಮದ ಬಗ್ಗೆ ಮಾತಾಡ್ತಿರೋವಾಗ ಇವನಿಗೆ ಹಸಿವು, ನಿದ್ದೆ, ಕಾಲುನೋವು. ನರಸಿಂಹರಾಜು ತೆರೆಗೆ ಬಂದರೆ ಟಾಕೀಸಿನಲ್ಲಿ ಶಿಳ್ಳೆ ಬೀಳೋದಕ್ಕೆ ಹಲ್ಲಿಗಿಂತ ದೊಡ್ಡ ಕಾರಣ ಇದು.

ಐವತ್ತರ ದಶಕದ ಕೊನೆ ಕನ್ನಡ ಚಿತ್ರರಂಗಕ್ಕೆ ಒಳ್ಳೇ ಕಾಲವಾಗಿರಲಿಲ್ಲ. ವರ್ಷಕ್ಕೆ ಬೆರಳೆಣಿಕೆ ಚಿತ್ರ. ಹೆಚ್ಚಿನ ಸ್ಟುಡಿಯೋ, ಲ್ಯಾಬು, ಬಂಡವಾಳ ಎಲ್ಲಾ ಮದ್ರಾಸಿನಲ್ಲಿ. ಒಂದು ಚಿತ್ರ ಮುಗಿದರೆ ಇನ್ನೊಂದು ಯಾವಾಗ ಅನ್ನೋ ಖಾತ್ರಿ ಯಾವ ನಟನಿಗೂ ಇಲ್ಲ. ಬೇರೆ ಭಾಷೆಯ ಕಡೆ ಹೋಗೋದು ಒಂದು ದಾರಿ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಇನ್ನೊಂದು ದಾರಿ ಹಿಡಿದರು. ಕನ್ನಡ ಚಲನಚಿತ್ರ ಕಲಾವಿದರ ಸಂಘ ಅಂತ ಕಟ್ಟಿಕೊಂಡು ವಾಪಸ್ ನಾಟಕಕ್ಕೆ ಇಳಿದರು. ತೆರೆಯ ಮೇಲೆ ಹೆಸರು ಮಾಡಿದವರು ಮತ್ತೆ ಮುಖಕ್ಕೆ ಬಣ್ಣ ಬಳಿದುಕೊಂಡು ಊರೂರು ತಿರುಗಿದರು. ಆ ದುಡ್ಡಿನ ಬಲದ ಮೇಲೆ 1960ರಲ್ಲಿ ರಣಧೀರ ಕಂಠೀರವ ಬಂತು. ಮೈಸೂರು ಅರಸ ಕಂಠೀರವ ನರಸರಾಜನ ಕಥೆ, ಬರೆದವರು ಅಯ್ಯರ್, ನಿರ್ದೇಶನ ಎನ್. ಸಿ. ರಾಜನ್. ಹಂಚಿಕೆದಾರರು ಮುಂದೆ ಬರದಿದ್ದಾಗ ಬಿಡುಗಡೆಯ ಹೊರೆಯನ್ನೂ ಇವರೇ ಹೊತ್ತರು. ಚಿತ್ರ ಗೆದ್ದಿತು.

ಈ ಪ್ರಸಂಗವನ್ನ ಸಾಮಾನ್ಯವಾಗಿ ರಾಜ್‌ಕುಮಾರ್ ಜೀವನದ ಒಂದು ಅಧ್ಯಾಯ ಅಂತ ಹೇಳ್ತಾರೆ. ನಮಗೆ ಹಾಗನ್ನಿಸಲ್ಲ. ನಾಯಕನಿಗೆ ಚಿತ್ರ ಗೆದ್ದರೆ ಮುಂದಿನ ಹತ್ತು ವರ್ಷ ಸಿಗುತ್ತೆ. ಪೋಷಕ ನಟನಿಗೆ ಗೆದ್ದರೂ ಸಿಗೋದು ಇನ್ನೊಂದು ಪೋಷಕ ಪಾತ್ರವೇ. ಅಂಥ ಮೂರು ಜನ ಸಮನಾಗಿ ಹೆಗಲು ಕೊಟ್ಟರಲ್ಲ, ಅದು ದೊಡ್ಡದು. ಅದರಲ್ಲೂ ಒಮ್ಮೆ ಸ್ವಂತ ಕಂಪನಿ ಮಾಡಿ ಕಳೆದುಕೊಂಡಿದ್ದ ನರಸಿಂಹರಾಜು ಮತ್ತೆ ಅದೇ ಜೂಜಿಗೆ ಕೈ ಹಾಕಿದ್ದು.

ಆಮೇಲಿನ ಹತ್ತು ವರ್ಷ ಅವರಿಗೆ ಪುರುಸೊತ್ತಿಲ್ಲ. ನಿರ್ಮಾಪಕರು ಮೊದಲು ನರಸಿಂಹರಾಜು ಕಾಲ್‌ಶೀಟ್ ತಗೊಂಡು ಆಮೇಲೆ ನಾಯಕನ ಹತ್ತಿರ ಹೋಗುತ್ತಿದ್ದರು ಅನ್ನೋ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುತ್ತೆ. ಬಾಲಣ್ಣನ ಜೊತೆಗಿನ ಜೋಡಿಯಂತೂ ಜನಕ್ಕೆ ಹುಚ್ಚು ಹಿಡಿಸಿತ್ತು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ; ಎದುರಿನವರ ತುಟಿ ಚಲನೆ ನೋಡಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಅಂಥವರ ಎದುರು ನಿಂತು ಹಾಸ್ಯದ ಟೈಮಿಂಗ್ ತಪ್ಪದ ಹಾಗೆ ಆಡೋದು ಅಂದರೆ ಪ್ರತಿ ಮಾತೂ ಕಣ್ಣಿಗೆ ಕಾಣೋ ಹಾಗೆ ಆಡಬೇಕು. ಇಬ್ಬರ ದೃಶ್ಯಗಳಲ್ಲಿ ಒಬ್ಬರ ಮುಖ ಒಬ್ಬರು ಬಿಡದೆ ನೋಡ್ತಿರುತ್ತಾರೆ. ನೋಡುವವರಿಗೆ ಅದು ಜಗಳದ ತಮಾಷೆ ಅನ್ನಿಸುತ್ತೆ, ಒಳಗಿರೋದು ಆಸರೆ.

ಈಗ ನಕ್ಷತ್ರಿಕನಿಗೆ ಬರೋಣ. 1965ರ ಸತ್ಯ ಹರಿಶ್ಚಂದ್ರ, ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ರಾಜ್‌ಕುಮಾರ್ ಹರಿಶ್ಚಂದ್ರ, ಪಂಢರೀಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ, ಎಂ. ಪಿ. ಶಂಕರ್ ವೀರಬಾಹು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ರಾಜ್ಯ ಕೊಟ್ಟ ಮೇಲೂ ವಿಶ್ವಾಮಿತ್ರನಿಗೆ ಸಲ್ಲಬೇಕಾದ ಹಣ ಬಾಕಿ. ಅದನ್ನ ವಸೂಲಿ ಮಾಡೋಕೆ ಋಷಿ ಕಳಿಸೋ ಶಿಷ್ಯ ನಕ್ಷತ್ರಿಕ. ಹರಿಶ್ಚಂದ್ರ ಹೆಂಡತಿ ಮಗನನ್ನ ಕಟ್ಟಿಕೊಂಡು ಕಾಶಿಗೆ ನಡೆದರೆ ಇವನೂ ಹಿಂದೆಯೇ. ಬಿಡದೆ ಪೀಡಿಸೋನಿಗೆ ನಮ್ಮ ಕಡೆ ಈಗಲೂ ನಕ್ಷತ್ರಿಕ ಅಂತಲೇ ಅನ್ನೋದು. ಸಾಲದ ಆ್ಯಪಿನವರ ಫೋನು ದಿನಕ್ಕೆ ಇಪ್ಪತ್ತು ಸಲ ಬಂದ ಹಾಸ್ಟೆಲ್ ಗೆಳೆಯರು ನಮ್ಮಲ್ಲೂ ಇದ್ದಾರೆ, ಅವರಿಗೆ ಈ ಪಾತ್ರ ವಿವರಿಸಬೇಕಾಗಿಲ್ಲ.

ಪಾತ್ರ ಎಷ್ಟು ಕಷ್ಟ ನೋಡಿ. ಕಾಡುದಾರಿಯಲ್ಲಿ ಬರಿಗಾಲಲ್ಲಿ ನಡೀತಿರೋ ಒಂದು ಸಂಸಾರ, ಬಾಯಾರಿದ ಮಗು. ಅವರ ಹಿಂದೆ ದುಡ್ಡು ಎಲ್ಲಿ ಅಂತ ಕಾಡುತ್ತಾ ಹೋಗೋನು. ಸೀದಾ ಆಡಿದರೆ ಅವನು ಖಳ, ಜನ ಬೈತಾರೆ. ಬರೀ ತಮಾಷೆಯಾಗಿ ಆಡಿದರೆ ಹರಿಶ್ಚಂದ್ರನ ಸಂಕಟವೇ ಹಗುರಾಗಿ ಹೋಗುತ್ತೆ, ಮೂರು ಗಂಟೆಯ ಚಿತ್ರ ಕುಸಿದು ಬೀಳುತ್ತೆ. ನರಸಿಂಹರಾಜು ಹಿಡಿದ ದಾರಿ ನಡುವಿನದು. ಅವರ ನಕ್ಷತ್ರಿಕ ಕೆಟ್ಟವನಲ್ಲ, ಗುರುವಿನ ಕೆಲಸ ತಲೆ ಮೇಲೆ ಬಿದ್ದ ಆಳು. ಅವನಿಗೂ ನಡೆದು ಸಾಕಾಗಿದೆ. ಪೀಡಿಸುತ್ತಾನೆ, ಸುಸ್ತಾಗುತ್ತಾನೆ, ಮತ್ತೆ ನೆನಪು ಮಾಡಿಕೊಂಡು ಪೀಡಿಸುತ್ತಾನೆ. ನಾವು ನಗ್ತೀವಿ, ನಕ್ಕಿದ್ದಕ್ಕೆ ಮರುಕ್ಷಣ ನಾಚಿಕೆ ಆಗುತ್ತೆ, ಆ ನಾಚಿಕೆಯಿಂದಲೇ ಹರಿಶ್ಚಂದ್ರನ ಮೇಲೆ ಇನ್ನಷ್ಟು ಕರುಣೆ ಹುಟ್ಟುತ್ತೆ. ರಾಜ್‌ಕುಮಾರ್ ಆ ಚಿತ್ರದಲ್ಲಿ ಅಷ್ಟು ಸ್ಥಿರವಾಗಿ, ತಾಳ್ಮೆಯಾಗಿ ನಿಲ್ಲೋಕೆ ಆಗಿದ್ದು ಪಕ್ಕದಲ್ಲಿ ಇಂಥ ಒಂದು ಚಡಪಡಿಕೆ ಇದ್ದದ್ದರಿಂದ. ಪಕ್ಕದಲ್ಲಿ ಏನಾದರೂ ಚಲಿಸುತ್ತಿದ್ದರೆ ತಾನೇ ನಿಂತಿದ್ದು ನಿಂತಿದೆ ಅಂತ ಗೊತ್ತಾಗೋದು. ಫಸ್ಟ್ ಸೆಮ್ ಮೆಕ್ಯಾನಿಕ್ಸ್ ಅಷ್ಟೇ.

ಚಿಕ್ಕಂದಿನಲ್ಲಿ ಲೋಹಿತಾಶ್ವನಾಗಿ ಇದೇ ದಾರಿ ನಡೆದಿದ್ದ ಹುಡುಗ ಸುಮಾರು ನಲವತ್ತಕ್ಕೆ ಬಂದಾಗ ಆ ಮಗುವಿನ ಬೆನ್ನು ಹತ್ತಿದವನಾಗಿ ನಡೆದ. ಮಗು ಆ ದೃಶ್ಯದಲ್ಲಿ ಎಲ್ಲಿ ಎಡವುತ್ತೆ, ಎಲ್ಲಿ ಸಭೆ ಕಣ್ಣೊರೆಸಿಕೊಳ್ಳುತ್ತೆ ಅನ್ನೋದು ಅವರಿಗೆ ಮೈಯಲ್ಲೇ ಗೊತ್ತಿತ್ತು ಅಂತ ಊಹಿಸೋದು ತಪ್ಪಾಗಲಾರದು.

ಅದೇ ಹುಣಸೂರು ಕೃಷ್ಣಮೂರ್ತಿ ಎರಡು ವರ್ಷ ಕಳೆದು, 1967ರಲ್ಲಿ, ನಕ್ಕರೆ ಅದೇ ಸ್ವರ್ಗ ಚಿತ್ರ ಮಾಡಿದರು. ಅದು ನರಸಿಂಹರಾಜು ಅವರ ನೂರನೇ ಚಿತ್ರ, ಅದರ ಕೇಂದ್ರದಲ್ಲಿ ಅವರೇ. ಹದಿಮೂರು ವರ್ಷಕ್ಕೆ ನೂರು. ಆ ಚಿತ್ರ ಈಗ ಹೆಚ್ಚು ನೆನಪಾಗೋದು ಬೇರೆ ಕಾರಣಕ್ಕೆ: ಎಸ್. ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ್ದು ಅದರಲ್ಲಿ. ತಮ್ಮ ನೂರನೇ ಚಿತ್ರದಲ್ಲೂ ಪಾಪ ಇನ್ನೊಬ್ಬರಿಗೆ ಬಾಗಿಲು ತೆಗೆದು ಪಕ್ಕಕ್ಕೆ ನಿಂತ ಹಾಗಾಯ್ತು.

ನಡುವೆ ಬಂದ ಉಳಿದ ಚಿತ್ರಗಳ ಪಟ್ಟಿ ಕೊಡಲ್ಲ, ಅದಕ್ಕೆ ಬೇರೆ ಸಂಚಿಕೆ ಬೇಕು. ಬಿ. ಆರ್. ಪಂತುಲು ಅವರ ಸ್ಕೂಲ್ ಮಾಸ್ಟರ್, ಕಿತ್ತೂರು ಚೆನ್ನಮ್ಮ ಎರಡರಲ್ಲೂ ಇದ್ದಾರೆ. ದೊರೈ ಭಗವಾನ್ ಜೋಡಿಯ ಸಿಐಡಿ 999 ಚಿತ್ರಗಳಲ್ಲಿ ಕೋಟು ಹಾಕಿದ ಪತ್ತೇದಾರ ರಾಜ್‌ಕುಮಾರ್ ಪಕ್ಕದಲ್ಲೂ ಇವರೇ. 1970ರ ಶ್ರೀಕೃಷ್ಣದೇವರಾಯದಲ್ಲಿ ತೆನಾಲಿ ರಾಮಕೃಷ್ಣ. ಈ ಕೊನೆಯದನ್ನ ತಪ್ಪದೆ ನೋಡಿ. ಪೆದ್ದನಾಗಿ ನಗಿಸೋದು ಅವರಿಗೆ ಕರತಲಾಮಲಕ. ಇಲ್ಲಿ ಆಸ್ಥಾನದ ಅತಿ ಬುದ್ಧಿವಂತನಾಗಿ ನಗಿಸಬೇಕು. ಅದೇ ಹಲ್ಲು, ಅದೇ ಮೈ, ಆದರೆ ಕಣ್ಣು ಬೇರೆ.

ಎಲ್ಲವೂ ಚಿನ್ನ ಅಂತ ನಾವೇನೂ ಹೇಳ್ತಿಲ್ಲ. ಅವರ ಚಿತ್ರಗಳನ್ನ ಸಾಲಾಗಿ ನೋಡ್ತಾ ಹೋದರೆ ಬೇಸರ ಹುಟ್ಟಿಸೋ ಹಾಸ್ಯವೂ ಬೇಕಾದಷ್ಟಿದೆ. ಮುಖ್ಯ ಕಥೆಗೆ ಸಂಬಂಧವೇ ಇಲ್ಲದ ಕಾಮಿಡಿ ಟ್ರ್ಯಾಕು, ಹೆಂಡತಿಗೆ ಹೆದರೋ ಗಂಡ, ಹೊಡೆಸಿಕೊಳ್ಳೋ ಆಳು, ಮತ್ತೆ ಮತ್ತೆ ಅದೇ ಹಲ್ಲಿನ ಜೋಕು. ಸಿನಿಮಾದಲ್ಲಿ ಪರದೆ ಹಿಂದೆ ಸೆಟ್ಟು ಬದಲಾಯಿಸೋ ಅಗತ್ಯವೇ ಇಲ್ಲ, ಎಡಿಟರ್ ಕತ್ತರಿ ಹಾಕಿದರೆ ಆಯ್ತು. ಆದರೂ ಮುಂದಿನ ಪರದೆಯ ಸೀನು ಮಾತ್ರ ಹಾಗೇ ಉಳೀತು, ಕಾರಣ ಮರೆತುಹೋದ ಮೇಲೂ ಕೋಡಿನಲ್ಲಿ ಉಳಿದುಬಿಟ್ಟ ಫಂಕ್ಷನ್ನಿನ ಹಾಗೆ. ಅಂಥ ಸೀನುಗಳಲ್ಲಿ ಬರಹದಲ್ಲಿ ಏನೂ ಇಲ್ಲದಿದ್ದರೂ ಒಂದಾದರೂ ನಗು ಎಬ್ಬಿಸಿ ಹೋಗೋ ಹೊಣೆ ಅವರ ಮೇಲೆ. ತಮ್ಮ ಮೈಕಟ್ಟನ್ನೇ ಹಾಸ್ಯದ ಸರಕಾಗಿ 250 ಚಿತ್ರದಲ್ಲಿ ಒಡ್ಡಿಕೊಳ್ಳೋದು ಅಷ್ಟು ಸುಲಭದ ಸಂಗತಿ ಅಂತ ನಮಗನ್ನಿಸಲ್ಲ. ರೂಪದ ಬಗ್ಗೆ ಒಂದು ಅಡ್ಡಹೆಸರು ಬಿದ್ದರೆ ನಾವು ನಾಲ್ಕು ವರ್ಷ ಮರೆಯಲ್ಲ.

ಅರವತ್ತರ ನಡುವಿನಲ್ಲಿ ದ್ವಾರಕೀಶ್ ಬಂದರು, ಹೊಸ ಹುರುಪಿನ ಹಾಸ್ಯ. ಎಪ್ಪತ್ತರ ಹೊತ್ತಿಗೆ ಪೌರಾಣಿಕ ಚಿತ್ರಗಳು ಕಡಿಮೆಯಾದವು, ಅರಮನೆಯಲ್ಲಿ ಆಡುಮಾತು ಆಡುವವನ ಅಗತ್ಯವೂ ಕಡಿಮೆ ಆಯ್ತು. ಕಾದಂಬರಿ ಆಧಾರಿತ ಸಾಮಾಜಿಕ ಚಿತ್ರಗಳಲ್ಲಿ ಈಗ ನಾಯಕನೇ ಆಡುಮಾತು ಆಡ್ತಾನೆ. ಪಾತ್ರಗಳು ನಿಲ್ಲಲಿಲ್ಲ, ಆದರೆ ಹಿಡಿತ ಸಡಿಲವಾಯಿತು.

ಆಗ ಅವರು ಮಾಡಿದ್ದು ಏನು ಅಂದರೆ, ಮತ್ತೆ ಯಜಮಾನರಾಗೋಕೆ ಹೊರಟರು. 1974ರಲ್ಲಿ ಪ್ರೊಫೆಸರ್ ಹುಚ್ಚೂರಾಯ ಅಂತ ಸ್ವಂತ ಚಿತ್ರ ನಿರ್ಮಿಸಿದರು. ನಿರ್ದೇಶನ ವೈ. ಆರ್. ಸ್ವಾಮಿ. ಆಗಷ್ಟೇ ಮೇಲೇಳುತ್ತಿದ್ದ ವಿಷ್ಣುವರ್ಧನ್ ಚಿತ್ರದಲ್ಲಿದ್ದರೂ ಹೆಸರು ಪಾತ್ರ ನರಸಿಂಹರಾಜು ಅವರದ್ದೇ. ಹಾಸ್ಯನಟನೊಬ್ಬ ತನ್ನ ಚಿತ್ರ ತಾನೇ ಮಾಡಿ ತಾನೇ ನಡುವೆ ನಿಲ್ಲೋದು ಕಂಪನಿ ನಾಟಕದಲ್ಲಿ ದಿನದ ಮಾತು, ಕನ್ನಡ ಸಿನಿಮಾದಲ್ಲಿ ಆಗ ಸಾಹಸ. ತಮ್ಮ ಐವತ್ತರ ವಯಸ್ಸಿನಲ್ಲಿ ಅವರು ನೆನೆಸಿಕೊಂಡದ್ದು ಗುಬ್ಬಿ ವೀರಣ್ಣನವರ ಮಾದರಿಯನ್ನೇ ಇರಬೇಕು. ವೀರಣ್ಣನವರು ತೀರಿಕೊಂಡದ್ದು ಅದಕ್ಕೆ ಎರಡು ವರ್ಷ ಹಿಂದೆ, 1972ರಲ್ಲಿ.

ನರಸಿಂಹರಾಜು ಹೋಗಿದ್ದು 1979ರ ಜುಲೈನಲ್ಲಿ, ಹೃದಯಾಘಾತದಿಂದ. ಐವತ್ತಾರು ತುಂಬೋಕೆ ಕೆಲವೇ ದಿನ ಬಾಕಿ ಇತ್ತು. ನಾಲ್ಕರಲ್ಲಿ ಬಣ್ಣ ಹಚ್ಚಿದ್ದು ಲೆಕ್ಕ ಹಾಕಿದರೆ ಅರ್ಧ ಶತಮಾನಕ್ಕೂ ಮೀರಿದ ಸರ್ವಿಸ್ಸು. ಅವರ ಮಗಳು ಸುಧಾ ನರಸಿಂಹರಾಜು ಮುಂದೆ ನಟಿಯಾಗಿ ಹೆಸರು ಮಾಡಿದರು.

ಸತ್ಯ ಹರಿಶ್ಚಂದ್ರಕ್ಕೆ 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ನೋಡೋದಾದರೆ ಕಪ್ಪುಬಿಳುಪಿನದ್ದನ್ನೇ ನೋಡಿ ಅನ್ನೋದು ನಮ್ಮ ಹಠ. ನಕ್ಷತ್ರಿಕನ ಮುಖದ ಮೇಲಿನ ನೆರಳು ಅದರಲ್ಲೇ ಚೆನ್ನಾಗಿ ಕಾಣೋದು. ಈ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್ ಮುಗಿದ ಶನಿವಾರ ಸಂಜೆ ಸೆಮಿನಾರ್ ಹಾಲ್ ಕೇಳಿದ್ದೀವಿ, ಪ್ರೊಜೆಕ್ಟರ್ ಸರಿ ಇದ್ದರೆ ಅದನ್ನೇ ಹಾಕ್ತೀವಿ. ಕಾಶಿಗೆ ನಡೆದು ಹೋಗೋ ಭಾಗ ಬಂದಾಗ ಒಂದು ಸಲ ರಾಜ್‌ಕುಮಾರ್ ಅವರನ್ನ ಬಿಟ್ಟು, ಹಿಂದೆ ಬರ್ತಾ ಇರೋ ಆ ಸಣಕಲು ಮನುಷ್ಯನ ಕಾಲುಗಳನ್ನ ಮಾತ್ರ ನೋಡ್ತಾ ಇರಿ.